ಉತಾರ ಯಾರ ಹೆಸರಿನಲ್ಲಿದೆ, ಸಾವ್ಕಾರ್ರೇ?

ಇಳಕಲ್ಲಿನ ಸೀರೆ ಸಾವ್ಕಾರರು ಯಾರನ್ನೂ ಸುಮ್ಮನೆ ನಂಬುವವರಲ್ಲ. ನೇಕಾರ ತಂದ ಸೀರೆಯ ಒಳಮೈ ತಿರುವಿ, ತೋಪತೆನಿ ಸೆರಗು ಒಡಲಿಗೆ ಸೇರಿದ ಜಾಗವನ್ನು ಬೆರಳಾಡಿಸಿ ನೋಡಿ, ಐವತ್ತು ರೂಪಾಯಿಗೆ ಅರ್ಧ ತಾಸು ಚೌಕಾಸಿ ಮಾಡುವವರು. ಅಂಗಡಿಗೊಂದು ವೆಬ್‌ಸೈಟ್ ಮಾಡಿಸಲು ಹೊರಟ ದಿನ ಮಾತ್ರ ಕನ್ನಡಕ ತೆಗೆದು ಜೇಬಿಗಿಡುತ್ತಾರೆ.

ಮೊದಲ ಉಮೇದುವಾರ ಮನೆಯಲ್ಲೇ ಇರುತ್ತಾನೆ. ಅಕ್ಕನ ಮಗ, ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್. "ಮಾಮಾ, ಎರಡು ದಿನದಾಗ ಮಾಡಿಕೊಡ್ತೀನಿ, ರೊಕ್ಕ ಏನೂ ಬ್ಯಾಡ." ಓದುತ್ತಿರುವುದು ಸಿವಿಲ್. ಇರಲಿ, ಲ್ಯಾಪ್‌ಟಾಪ್ ಇದೆಯಲ್ಲ! ಆ ಎರಡು ದಿನದಲ್ಲಿ ಎರಡು ದೀಪಾವಳಿ ಬಂದು ಹೋಗುತ್ತವೆ. ಬೈದರೆ ಅಕ್ಕ ಮಾತು ಬಿಡುತ್ತಾಳೆ. ಪುಕ್ಕಟೆ ಕೆಲಸಕ್ಕೆ ತಗಾದೆ ಮಾಡುವುದಾದರೂ ಯಾವ ಬಾಯಿಂದ?

ಆಗ ನೆನಪಾಗುವುದು ಬೆಂಗಳೂರಿನ ಏಜೆನ್ಸಿ. ಅವರು ಸೀರೆಯ ಮಾತೆತ್ತುವುದಿಲ್ಲ, 'ಬ್ರ್ಯಾಂಡ್ ಜರ್ನಿ' ಎನ್ನುತ್ತಾರೆ, ಮೇಲೆ ಶೇ. 18 ಜಿಎಸ್‌ಟಿ. 2003ರಿಂದ ಪುಕ್ಕಟೆ ಸಿಗುವ ವರ್ಡ್‌ಪ್ರೆಸ್‌ಗೆ ಸಿದ್ಧ ಥೀಮ್ ತೊಡಿಸಿ ಕೊಡುತ್ತಾರೆ. ತಪ್ಪಲ್ಲ, ದುಡಿದವರಿಗೆ ಕೂಲಿ ಬೇಕು. ಆದರೆ ಮೊದಲ ಪುಟದಲ್ಲಿ ಕೋಟು ತೊಟ್ಟ ಪರದೇಶದವರು ಕೈ ಕುಲುಕುತ್ತಿರುತ್ತಾರೆ, ಸೀರೆ ಎಲ್ಲೋ ಕೆಳಗೆ. 'ನಮ್ಮ ಬಗ್ಗೆ' ಪುಟದಲ್ಲಿ ಜಾಗ ತುಂಬಲು ಹಾಕಿದ 'ಲೋರೆಮ್ ಇಪ್ಸಮ್' ಹಾಗೇ ಉಳಿದಿರುತ್ತದೆ. ಅದು ಕ್ರಿ.ಪೂ. 45ರಲ್ಲಿ ಸಿಸೆರೋ ಬರೆದ ಲ್ಯಾಟಿನ್ ಗದ್ಯದ ಚಿಂದಿ. ಸಾವ್ಕಾರರು ಅದನ್ನು ಉತ್ತಮ ಇಂಗ್ಲಿಷೆಂದು ಬೀಗರಿಗೆ ತೋರಿಸುತ್ತಾರೆ. ಬೀಗರೂ ತಲೆದೂಗುತ್ತಾರೆ.

ಇದರ ನಡುವೆ ಫೋನು: ಏಳು ದಿನದಲ್ಲಿ ಗೂಗಲ್‌ನಲ್ಲಿ ನೀವೇ ನಂಬರ್ ಒನ್, ಗ್ಯಾರಂಟಿ! ಅಂಥ ಗ್ಯಾರಂಟಿ ಯಾರೂ ಕೊಡಲಾರರೆಂದು ಗೂಗಲ್ಲೇ ಹೇಳಿದೆ. ಕರೆ ಮಾಡಿದವನಿಗೆ ಗೂಗಲ್‌ಗಿಂತ ಧೈರ್ಯ ಹೆಚ್ಚು.

ಸಾವ್ಕಾರರು ಕೇಳುವ ಪ್ರಶ್ನೆಗಳನ್ನೂ ನೋಡಿ. ಲೋಗೋ ತಿರುಗುತ್ತದೆಯೇ? ತೆರೆದ ಕೂಡಲೇ ಹಾಡು ಬರುತ್ತದೆಯೇ? ಅಪ್ಪಾಜಿಯ ಫೋಟೋಗೆ ಹಾರ ಹಾಕಬಹುದೇ? ಎರಡು ಗುಂಟೆ ಹೊಲ ಕೊಳ್ಳುವಾಗ ಮೂರು ಸಲ ಉತಾರ ತೆಗೆಸುವ ಮನುಷ್ಯ, ಸೈಟಿನ ವಿಳಾಸವಾದ ಡೊಮೇನ್ ಯಾರ ಹೆಸರಿನಲ್ಲಿದೆ ಎಂದು ಒಮ್ಮೆಯೂ ಕೇಳುವುದಿಲ್ಲ. ಅದನ್ನು ಸೈಟ್ ಮಾಡಿಕೊಟ್ಟ ಹುಡುಗ ತನ್ನ ಜಿಮೇಲ್‌ನಿಂದ, ತನ್ನದೇ ಹೆಸರಿಗೆ ಮಾಡಿಸಿರುತ್ತಾನೆ. ಡೊಮೇನ್ ಯಾರಿಗೂ ಶಾಶ್ವತವಲ್ಲ, ಒಮ್ಮೆಗೆ ಹೆಚ್ಚೆಂದರೆ 10 ವರ್ಷ. ಹುಡುಗ ಪುಣೆಗೆ ನೌಕರಿಗೆ ಹೋದ, ನವೀಕರಣದ ಮೇಲ್ ಅವನ ಹಳೆಯ ಇನ್‌ಬಾಕ್ಸ್‌ನಲ್ಲೇ ಕೊಳೆಯಿತು, ಅವಧಿ ಮುಗಿದ ಹೆಸರನ್ನು ಇನ್ನಾರೋ ಎತ್ತಿಕೊಂಡರು. ಬಿಲ್ ಪುಸ್ತಕ, ಕ್ಯಾಲೆಂಡರು, ಕೈಚೀಲಗಳ ಮೇಲೆಲ್ಲ ಅದೇ ವಿಳಾಸ ಅಚ್ಚಾಗಿದೆ. ಗಿರಾಕಿ ತೆರೆದರೆ ರಮ್ಮಿ ಆಟ.

ಅಷ್ಟಕ್ಕೂ ಗೂಗಲ್ ನಕ್ಷೆಯಲ್ಲಿ ಅಂಗಡಿಯ ಫೋಟೋ, ಫೋನ್ ನಂಬರ್ ಹಾಕಲು ಕಾಸು ಬೇಕಿಲ್ಲ. ಬಹಳ ಅಂಗಡಿಗಳಿಗೆ ಅಷ್ಟೇ ಸಾಕು. ಸೈಟ್ ಬೇಕೇ ಬೇಕೆಂದರೆ, ಬಂದವನು ಮೂರು ವರ್ಷದ ಹಿಂದೆ ಮಾಡಿಕೊಟ್ಟ ಸೈಟ್‌ಗಳನ್ನು ನಿಮ್ಮ ಮೊಬೈಲಿನಲ್ಲೇ ತೆರೆದು ನೋಡಿ, ಆ ಅಂಗಡಿಯವರಿಗೆ ಫೋನ್ ಹಚ್ಚಿ. ಡೊಮೇನ್, ಹೋಸ್ಟಿಂಗ್ ಎರಡೂ ನಿಮ್ಮ ಹೆಸರಿನಲ್ಲಿ, ಪಾಸ್‌ವರ್ಡ್ ನಿಮ್ಮ ಕೈಯಲ್ಲಿ ಎಂದು ಮೊದಲೇ ಹೇಳಿ. ಇಷ್ಟಕ್ಕೇ ಮುಖ ಗಂಟಿಕ್ಕಿದರೆ ಚಹಾ ಕುಡಿಸಿ ಕಳಿಸಿ. ಮುಂಗಡ ಮಾತ್ರ ಕೊಡಬೇಡಿ, ಅಕ್ಕನ ಮಗನೇ ಆಗಿದ್ದರೂ.