ಪುಟ ಎಷ್ಟು, ಸ್ವಾಮಿ?

ಮೆಜೆಸ್ಟಿಕ್ ಬಸ್ ನಿಲ್ದಾಣದಲ್ಲಿ ನಮ್ಮನ್ನು ತಡೆದು ನಿಲ್ಲಿಸುವವರಲ್ಲಿ ಹಲವು ಬಗೆ. ಪರ್ಸ್ ಕಳೆದುಹೋಯ್ತು, ಊರಿಗೆ ಹೋಗೋಕೆ ಚಾರ್ಜಿಲ್ಲ ಅನ್ನುವವರು. ಬಾಚಣಿಗೆ, ಪೆನ್ನು ಮಾರುವವರು. ವೈಟ್‌ಫೀಲ್ಡ್ ಬಸ್ಸು ಎಲ್ಲಿ ನಿಲ್ಲತ್ತೆ ಸಾರ್ ಅನ್ನುವವರು. ಇವರಿಂದೆಲ್ಲ ಹೇಗೋ ಪಾರಾಗಬಹುದು. ಆಧಾರಪ್ಪನವರ ಕೈಗೆ ಸಿಕ್ಕಿದರೆ ಮಾತ್ರ ಮೂರು ಬಸ್ಸು ಹೋದಂತೆಯೇ ಲೆಕ್ಕ.

ಆಧಾರಪ್ಪ ಅನ್ನುವುದು ಅವರ ಹೆಸರಲ್ಲ. ಹೆತ್ತವರು ಒಳ್ಳೆಯ ದೇವರ ಹೆಸರನ್ನೇ ಇಟ್ಟಿದ್ದರು. ಯಾರು ಏನೇ ಹೇಳಲಿ, "ಆಧಾರ ಏನು? ಪುಟ ಎಷ್ಟು, ಸ್ವಾಮಿ?" ಅನ್ನುವ ಅವರ ಚಾಳಿ ತಡೆಯಲಾರದೆ ನಮ್ಮ ಕಾಫಿ ಗುಂಪಿನವರು ಮಾಡಿದ ಮರುನಾಮಕರಣ ಇದು. ಹೊಸಬರೊಬ್ಬರು ಇವರನ್ನು ಆಧಾರ್ ಕಾರ್ಡ್ ಮಾಡಿಸಿಕೊಡುವವರೆಂದು ತಿಳಿದು ಹಳೇ ರೇಷನ್ ಕಾರ್ಡಿನ ಜೆರಾಕ್ಸ್ ಹಿಡಿದುಕೊಂಡು ಬಂದಿದ್ದರು. ಆಧಾರಪ್ಪನವರು ಅದನ್ನೂ ತಿರುಗಿಸಿ ನೋಡಿ, "ಇದಕ್ಕೆ ಮೂಲಪ್ರತಿ ಎಲ್ಲಿ?" ಅಂದರು.

ಇಂಥವರು ಬಡಾವಣೆಗೆ ಒಬ್ಬರಾದರೂ ಇರುತ್ತಾರೆ. ಉಪನ್ಯಾಸ ಮುಗಿದು ವಂದನಾರ್ಪಣೆಗೆ ಇನ್ನೇನು ಎದ್ದರು ಅನ್ನುವಾಗ ಮೂರನೇ ಸಾಲಿನಲ್ಲಿ ಮೇಲೇಳುವ ಕೈ ಇವರದು. ಹಿಂದೆ ಇವರ ಕೈಯಲ್ಲಿ ಇನ್‌ಲ್ಯಾಂಡ್ ಲೆಟರ್ ಇತ್ತು, ಪತ್ರಿಕೆಗಳ ವಾಚಕರ ವಾಣಿಗೆ ತಿದ್ದುಪಡಿ ಬರೆದು ತೃಪ್ತರಾಗುತ್ತಿದ್ದರು. ಈಗ ಬ್ರೌಸರ್ ಸಿಕ್ಕಿದೆ. ಕೋತಿಗೆ ಹೆಂಡ ಕುಡಿಸಿದ ಹಾಗೆ ಅಂತ ಬರೆಯೋಣವೆಂದಿದ್ದೆ. ಆ ಗಾದೆಗೂ ಆಧಾರ ಕೇಳುತ್ತಾರೆ, ಬೇಡ.

ನಮ್ಮ ವಾಟ್ಸಾಪ್ ಗುಂಪಿನಲ್ಲಿ ಬೆಳಗ್ಗೆ ಆರಕ್ಕೆ ಸೂರ್ಯೋದಯದ ಚಿತ್ರದ ಮೇಲೆ ಒಂದು ವಚನ ಬರುತ್ತದೆ, ಕೆಳಗೆ 'ಬಸವಣ್ಣ' ಎಂದಿರುತ್ತದೆ. ಆರೂ ಹತ್ತಕ್ಕೆ ಆಧಾರಪ್ಪನವರ ಉತ್ತರ: "ವಚನ ಸಂಚಯದಲ್ಲಿ ಹುಡುಕಿದೆ. 20,000ಕ್ಕೂ ಹೆಚ್ಚು ವಚನ ಅಲ್ಲಿವೆ. ಇದು ಸಿಗಲಿಲ್ಲ. ಎಲ್ಲಿಂದ ತಂದಿರಿ?" ತಂದವರು ನಮ್ಮ ಭಾವನವರು. ಅವರಿಗೆ ಅದು ಅವರ ಷಡ್ಡಕರಿಂದ ಬಂದಿತ್ತು. ಇನ್ನೊಂದು ದಿನ ಅದೇ ಭಾವನವರು, ಬಲ್ಲಾಳ ರಾಜನಿಗೆ ಮುದುಕಿಯೊಬ್ಬಳು ಬೆಂದ ಕಾಳು ಕೊಟ್ಟದ್ದರಿಂದ ಬೆಂಗಳೂರಾಯಿತು ಅನ್ನುವ ಕಥೆ ಹಾಕಿದರು. ಹೊಯ್ಸಳರು ಈ ಕಡೆ ಬರುವುದಕ್ಕೂ ಎಷ್ಟೋ ಮುಂಚಿನ, ಸುಮಾರು 890ರ ಬೇಗೂರಿನ ವೀರಗಲ್ಲಿನಲ್ಲೇ ಬೆಂಗಳೂರಿನ ಕಾಳಗದ ಮಾತಿದೆ ಅಂತ ಆಧಾರಪ್ಪನವರು ಶಾಸನದ ಚಿತ್ರ, ಲಿಪ್ಯಂತರ, ಲಿಂಕು ಮೂರನ್ನೂ ಲಗತ್ತಿಸಿದರು. ಭಾವನವರು ಗುಂಪು ಬಿಟ್ಟರು. ನಮ್ಮ ಮನೆಯಲ್ಲಿ ಎರಡು ದಿನ ನನಗೆ ಬೆಂದ ಕಾಳೂ ಸಿಗಲಿಲ್ಲ.

ಬದುಕಿರುವವರ ಕಥೆ ಹೀಗಾದರೆ ಸತ್ತವರಿಗಾದರೂ ವಿನಾಯಿತಿ ಉಂಟೋ? ಇಲ್ಲ. ಕೇಶಿರಾಜನ ಮೇಲೆ ಅವರಿಗೆ ವಿಶೇಷ ಕೋಪ. 'ಶಬ್ದಮಣಿದರ್ಪಣ'ದಲ್ಲಿ ಸೂತ್ರಗಳ ಕೆಳಗೆ ಪದ್ಯಗಳ ಪ್ರಯೋಗ ಕೊಟ್ಟ, ಯಾವುದು ಯಾರದು ಅಂತ ಹೇಳಲಿಲ್ಲ. ಶುರುವಿಗೆ ಒಂದಿಷ್ಟು ಕವಿಗಳ ಹೆಸರು ಒಟ್ಟಿಗೆ ಹೇಳಿ ಕೈ ತೊಳೆದುಕೊಂಡ! "ಅಪ್ಪನದೂ ಇದೇ ಕಸುಬು. ಮಲ್ಲಿಕಾರ್ಜುನ 'ಸೂಕ್ತಿಸುಧಾರ್ಣವ' ಅಂತ ಎಲ್ಲರ ಪದ್ಯ ಆಯ್ದು ಪೇರಿಸಿದ, ಕವಿಗಳ ಹೆಸರು ಬಿಟ್ಟ. ಅಪ್ಪ ಮಗ ಇಬ್ಬರೂ ಸೇರಿ ನಮ್ಮ ವಿದ್ವಾಂಸರಿಗೆ ನೂರು ವರ್ಷದ ಕೆಲಸ ಹಚ್ಚಿದರು ನೋಡಿ!" ಎನ್ನುವಾಗ, ಹದಿಮೂರನೇ ಶತಮಾನದ ಆ ಮನೆ ಚಾಮರಾಜಪೇಟೆಯ ಮೂರನೇ ಮೇನಿನಲ್ಲೇ ಇದೆ, ಈಗಲೇ ಹೋಗಿ ಬಾಗಿಲು ಬಡಿಯೋಣ ಅನ್ನುವಷ್ಟು ಆವೇಶ. ಅದೇ ಚಾಮರಾಜಪೇಟೆಯ ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟದ ನಿಘಂಟೆಂದರೆ ಮಾತ್ರ ಕೈ ಮುಗಿಯುತ್ತಾರೆ. ಪ್ರತಿ ಅರ್ಥದ ಪಕ್ಕ ಯಾವ ಕಾವ್ಯ, ಯಾವ ಶಾಸನ, ಎಷ್ಟನೇ ಪದ್ಯ ಅಂತ ಕೊಟ್ಟಿದ್ದಾರಲ್ಲ, ಅದಕ್ಕೆ. ಕಂಪ್ಯೂಟರಿಲ್ಲದ ಕಾಲದಲ್ಲಿ ಚೀಟಿ ಬರೆದು, ಅಕಾರಾದಿ ಜೋಡಿಸಿ ಮಾಡಿದ ಕೆಲಸ ಅದು.

ಇನ್ನು ಅವರ ಫೋನು. ತೆರೆದ ಪುಟಗಳನ್ನು ಅವರು ಮುಚ್ಚುವುದಿಲ್ಲ. ಫೋನಿನ ಕ್ರೋಮಿನಲ್ಲಿ ಎಷ್ಟು ಪುಟ ತೆರೆದಿದೆ ಎಂದು ತೋರಿಸುವ ಒಂದು ಪುಟ್ಟ ಚೌಕವಿದೆ. 99 ದಾಟಿದರೆ ಅದು ಲೆಕ್ಕ ಬಿಟ್ಟು, ಅಡ್ಡ ಮಲಗಿದ ನಗುಮುಖವೊಂದನ್ನು ತೋರಿಸುತ್ತದೆ. ಆಧಾರಪ್ಪನವರ ಫೋನು ಎಷ್ಟೋ ವರ್ಷದಿಂದ ಹಾಗೇ ನಗುತ್ತಿದೆ. ನಕ್ಕೆ ಅಂತ ಹೇಳಿಕೊಳ್ಳುವ ಧೈರ್ಯ ನನಗಿಲ್ಲ, ನನ್ನದೂ 73ರಲ್ಲಿದೆ. ಅದರಲ್ಲಿ ಒಂದು, 'ಏಕಾಗ್ರತೆ ಬೆಳೆಸಿಕೊಳ್ಳುವುದು ಹೇಗೆ'.

ಈಗ ನನ್ನ ಸಂಕಟಕ್ಕೆ ಬರುತ್ತೇನೆ.

ಸಂಘವೊಂದರ ಸ್ಮರಣ ಸಂಚಿಕೆಗೆ ಮೆಜೆಸ್ಟಿಕ್‌ನ ಹಳೇ ಚಿತ್ರಮಂದಿರಗಳ ಮೇಲೆ ಲೇಖನ ಬರೆದಿದ್ದೆ. ಅಚ್ಚಾಗಿತ್ತು, ಫೋಟೊ ಸಮೇತ. ಮೊದಲ ಕನ್ನಡ ವಾಕ್ಚಿತ್ರ 'ಸತಿ ಸುಲೋಚನಾ' ಬಿಡುಗಡೆಯಾದದ್ದೂ ಇದೇ ಮೆಜೆಸ್ಟಿಕ್ಕಿನಲ್ಲಿ ಎಂದು ಒಂದು ವಾಕ್ಯ ಹೊಸೆದಿದ್ದೆ. ಕೇಳುವುದಕ್ಕೆ ಚೆನ್ನಾಗಿತ್ತು. ಬಸವನಗುಡಿ ಬಸ್ಸಿಗೆಂದು ನಿಂತಿದ್ದಾಗ ಹಿಂದಿನಿಂದ ಭುಜದ ಮೇಲೆ ಕೈ ಬಿತ್ತು.

"ಸುಲೋಚನೆಯನ್ನ ಮೆಜೆಸ್ಟಿಕ್ಕಿಗೆ ಕರ್ಕೊಂಡು ಬಂದಿದ್ದೀರಲ್ಲ, ಎಲ್ಲಿ ನೋಡಿದ್ರಿ?"

"ನೆಟ್ಟಿನಲ್ಲಿ."

"ನೆಟ್ಟಿನಲ್ಲಿ ಅಂದ್ರೆ? ಮನೆ ಎಲ್ಲಿ ಅಂದ್ರೆ ಬೆಂಗಳೂರಲ್ಲಿ ಅಂದ ಹಾಗಾಯ್ತು. ಯಾವ ರಸ್ತೆ, ಎಷ್ಟನೇ ಕ್ರಾಸು?"

ಬಸ್ಸು ಬಂತು. ಹೋಗಲು ಬಿಡಲಿಲ್ಲ. ಕಲ್ಲುಬೆಂಚಿನ ಮೇಲೆ ಕೂರಿಸಿ, ಕೈಚೀಲದಿಂದ ಲ್ಯಾಪ್‌ಟಾಪ್ ತೆಗೆದು, ಫೋನಿನಿಂದ ಇಂಟರ್‌ನೆಟ್ ಹಂಚಿದರು. "ನಿಮಗೆ ಝೊಟೆರೋ ಬೇಕು" ಅಂದರು. ಬಸ್ಸುಗಳ ಗದ್ದಲದಲ್ಲಿ ನನಗದು 'ಜೊತೆಗಿರೋ' ಎಂದು ಕೇಳಿಸಿ, ಏನೋ ಮನೆಕಷ್ಟ ಇರಬೇಕು, ಪಾಪ, ಅಂದುಕೊಂಡೆ. ಅಲ್ಲ. ಅದೊಂದು ತಂತ್ರಾಂಶ. 2006ರಲ್ಲಿ ಅಮೆರಿಕದ ಜಾರ್ಜ್ ಮೇಸನ್ ವಿಶ್ವವಿದ್ಯಾಲಯದ ಚರಿತ್ರೆಯವರು ಮಾಡಿದ್ದು, ದುಡ್ಡು ಕೊಡಬೇಕಾಗಿಲ್ಲ, ಹೆಸರು ಅಲ್ಬೇನಿಯದ ಭಾಷೆಯದು. ಬ್ರೌಸರಿನ ಮೂಲೆಯಲ್ಲಿ ಅದರದೊಂದು ಗುಂಡಿ ಕೂರುತ್ತದೆ. ಪುಸ್ತಕದ ಪುಟ ತೆರೆದರೆ ಗುಂಡಿ ಪುಸ್ತಕದ ಆಕಾರಕ್ಕೆ ತಿರುಗುತ್ತದೆ, ಲೇಖನವಾದರೆ ಹಾಳೆಯಾಗುತ್ತದೆ. ಒತ್ತಿದರೆ ಲೇಖಕ, ಶೀರ್ಷಿಕೆ, ಪ್ರಕಾಶಕ, ವರ್ಷ ಎಲ್ಲಾ ತಾನೇ ಹೆಕ್ಕಿಕೊಂಡು ಒಳಗಿಡುತ್ತದೆ; ನಾವು ಬರೆಯುವಾಗ ಅಡಿಟಿಪ್ಪಣಿಯನ್ನೂ ಗ್ರಂಥಸೂಚಿಯನ್ನೂ ತಾನೇ ಹಾಕುತ್ತದೆ. ಇಷ್ಟರಲ್ಲಿ ಎರಡನೇ ಬಸ್ಸು ಹೋಯಿತು.

ಈ ಜಾಣ ಯಂತ್ರ ಮುಗ್ಗರಿಸುವುದು ನಮ್ಮ ಹೆಸರುಗಳ ಮುಂದೆ. ಅದರಲ್ಲಿ ಹೆಸರಿಗೆ ಎರಡು ಖಾನೆ: ಕುಲನಾಮ ಒಂದು, ಕೊಟ್ಟ ಹೆಸರು ಒಂದು. ಬೇಂದ್ರೆಯವರು ಸಲೀಸಾಗಿ ಕೂತರು. ಮಾಸ್ತಿಯವರನ್ನು ಅದು 'ಅಯ್ಯಂಗಾರ್, ಮಾಸ್ತಿ ವೆಂಕಟೇಶ' ಎಂದು ತಿರುಗಿಸಿಟ್ಟಿತು. ಊರು ನಡುವೆ ಸಿಕ್ಕಿಕೊಂಡು, ಮುಂದೆ ಬೇಕರಿಯ ಬೋರ್ಡು ತೂಗಿದಂತಾಯಿತು. ಕುವೆಂಪು ಎಂದು ಹೊಡೆದರೆ ಇನ್ನೊಂದು ಖಾನೆ ಬಾಯಿ ಬಿಟ್ಟುಕೊಂಡು ಕಾಯುತ್ತಿರುತ್ತದೆ. "ಅದಕ್ಕೇ ಇಲ್ಲಿ ಒತ್ತಿ, ಎರಡು ಖಾನೆ ಒಂದಾಗತ್ತೆ" ಎಂದು ಆಧಾರಪ್ಪನವರು ಗೋಡೆ ಒಡೆದು ಹಾಲ್ ದೊಡ್ಡದು ಮಾಡಿದ ಮನೆಯಜಮಾನನ ಹಾಗೆ ತೋರಿಸಿದರು. ನುಡಿ ತಂತ್ರಾಂಶದಲ್ಲಿ ಟೈಪಾದ ಹಳೇ ಕಡತದಿಂದ ಶೀರ್ಷಿಕೆಯೊಂದನ್ನು ಅಂಟಿಸಿದಾಗ ಕನ್ನಡ ಮಾಯವಾಗಿ, ಯುರೋಪಿನ ಅಕ್ಷರಗಳು ಟೊಪ್ಪಿ, ಬೊಟ್ಟು ಇಟ್ಟುಕೊಂಡು ಸಾಲಾಗಿ ನಿಂತವು. ಹಳೇ ಪುಸ್ತಕಗಳಲ್ಲಿ ಶಕ, ಸಂವತ್ಸರ ಬೇರೆ. ಶಕಕ್ಕೆ 78 ಕೂಡಿಸು, ಚೈತ್ರಕ್ಕೆ ಮುಂಚೆಯೋ ಆಮೇಲೋ ನೋಡು. ಇವನ್ನೆಲ್ಲ ಅವರು ಒಂದೊಂದಾಗಿ, ಅಕ್ಕಿ ಆರಿಸುವವರ ತಾಳ್ಮೆಯಲ್ಲಿ ಕೈಯಲ್ಲೇ ತಿದ್ದುತ್ತಾರೆ. ಮೂರನೇ ಬಸ್ಸು ಖಾಲಿಯೇ ಬಂದು, ಖಾಲಿಯೇ ಹೋಯಿತು. ಮೆಜೆಸ್ಟಿಕ್ಕಿನಲ್ಲಿ ಕಿಟಕಿ ಪಕ್ಕದ ಸೀಟು ಬಿಟ್ಟುಕೊಟ್ಟವನ ಹೊಟ್ಟೆಯುರಿ ಬೆಂಗಳೂರಿನವರಿಗೆ ಹೇಳಬೇಕಾಗಿಲ್ಲ.

"ಈಗ ನಿಮ್ಮ ನೆಟ್ಟಿನ ಪುಟ ತೋರಿಸಿ."

ಫೋನಿನಲ್ಲಿ ಹಳೆಯದನ್ನೆಲ್ಲ ಕೆದಕಿ ವಿಳಾಸ ಹುಡುಕಿದೆ. ಒತ್ತಿದರೆ 404. ಪುಟವೇ ಇಲ್ಲ! ಒಳಗೊಳಗೇ ಹಿಗ್ಗಿದೆ. ಸಾಕ್ಷಿ ಊರು ಬಿಟ್ಟ ಮೇಲೆ ಕೇಸೆಲ್ಲಿ?

ಆಧಾರಪ್ಪನವರು ಆ ವಿಳಾಸವನ್ನು ವೇಬ್ಯಾಕ್ ಮಷೀನಿಗೆ ಹಾಕಿದರು. ಇಂಟರ್‌ನೆಟ್ ಆರ್ಕೈವ್‌ನವರು 2001ರಲ್ಲಿ ಎಲ್ಲರಿಗೂ ತೆರೆದಿಟ್ಟ ಉಗ್ರಾಣ ಅದು; ಜಾಲದ ಪುಟಗಳನ್ನು ಆಗಾಗ ನಕಲು ಮಾಡಿ ತುಂಬಿಡುತ್ತಾರೆ. ಕ್ಯಾಲೆಂಡರ್ ತೆರೆಯಿತು. ನಕಲಾದ ದಿನಗಳ ಮೇಲೆ ನೀಲಿ ಚುಕ್ಕಿ. ಒಂದನ್ನು ಒತ್ತಿದರು. ಸತ್ತ ಪುಟ ಎದ್ದು ಕೂತಿತು. ಆಧಾರಪ್ಪನವರು ಓದಿದರು, ಜೋರಾಗಿ, ಪಕ್ಕದಲ್ಲಿ ಕಡಲೆಕಾಯಿ ತಿನ್ನುತ್ತಿದ್ದವರಿಗೂ ಕೇಳಿಸುವಂತೆ: ಚಿತ್ರ ಬಿಡುಗಡೆಯಾದದ್ದು 1934ರ ಮಾರ್ಚ್ 3ರಂದು, ಸಿಟಿ ಮಾರ್ಕೆಟ್ ಹತ್ತಿರದ ಪ್ಯಾರಾಮೌಂಟ್ ಟಾಕೀಸಿನಲ್ಲಿ, ಮುಂಚೆ ದೊಡ್ಡಣ್ಣ ಹಾಲ್ ಅನ್ನುತ್ತಿದ್ದರಲ್ಲ, ಅಲ್ಲಿ. ಮೆಜೆಸ್ಟಿಕ್‌ನ ಮಾತು ಬರುವುದು ಮುಂದಿನ ಪ್ಯಾರಾದಲ್ಲಿ, ಬೇರೆ ಸಿನಿಮಾಕ್ಕೆ.

ಪುಟ ಸರಿಯಾಗೇ ಇತ್ತು. ಕನ್ನಡಕ ಹಾಕದೆ ಓದಿದವನು ನಾನು. ಕಡಲೆಕಾಯಿಯವರು ನನ್ನ ಕಡೆ ನೋಡಿದ ನೋಟಕ್ಕೆ ಅಡಿಟಿಪ್ಪಣಿ ಬೇಕಾಗಿರಲಿಲ್ಲ.

"ಬೇಜಾರು ಮಾಡ್ಕೋಬೇಡಿ" ಅಂದರು ಆಧಾರಪ್ಪನವರು. ಗೆದ್ದವರ ದನಿ ಇರಲಿಲ್ಲ. "ಆ ಸಿನಿಮಾದ ಒಂದು ರೀಲೂ ಈಗ ಉಳಿದಿಲ್ಲ, ಗೊತ್ತಲ್ಲ? ನಾವು ಯಾರೂ ನೋಡೋ ಹಾಗಿಲ್ಲ. ಯಾರು ಏನು ಹೇಳಿದ್ರು, ಎಲ್ಲಿ ಹೇಳಿದ್ರು, ಅಷ್ಟೇ ಇರೋದು." ಹಾಗೆಂದು ಬೈಟು ಕಾಫಿ ತರಲು ಎದ್ದು ಹೋದರು.

ನಾವು ಕೂತಿದ್ದ ಬೆಂಚಿನ ಕೆಳಗೆ ಒಂದು ಕಾಲಕ್ಕೆ ಧರ್ಮಾಂಬುಧಿ ಕೆರೆಯಿತ್ತು. ಈಗ ಅದಕ್ಕೂ ಆಧಾರವೆಂದರೆ ಹಳೇ ನಕ್ಷೆ, ಹಳಬರ ಮಾತು. ಮೆಜೆಸ್ಟಿಕ್ ಅನ್ನುವ ಚಿತ್ರಮಂದಿರ ಹೋಯಿತು, ಹೆಸರು ಬಸ್ಸಿನ ಬೋರ್ಡಿಗೆ ಅಂಟಿಕೊಂಡು ಉಳಿಯಿತು. ಎಲ್ಲವನ್ನೂ ಒಡೆದು ಕಟ್ಟುವ ಈ ಊರಿನಲ್ಲಿ ಯಾರಾದರೂ ಒಬ್ಬರು ವಿಳಾಸ ಬರೆದಿಡದಿದ್ದರೆ... ನೋಡಿ, ಮೂರು ಬಸ್ಸು ತಪ್ಪಿದವನು ಉಪದೇಶಕ್ಕೆ ಇಳಿದುಬಿಟ್ಟೆ.

ಲ್ಯಾಪ್‌ಟಾಪು ನನ್ನ ತೊಡೆಯ ಮೇಲೇ ಇತ್ತು. ಬೇರೆಯವರ ಬೀರು ತೆರೆದು ನೋಡಬಾರದು, ನೋಡಿದೆ. ಹನ್ನೊಂದು ಸಾವಿರ ಚಿಲ್ಲರೆ ನಮೂದು. ಇಷ್ಟನ್ನೂ ಓದಿದ್ದೀರಾ ಅಂತ ಒಮ್ಮೆ ಕೇಳಿದ್ದಕ್ಕೆ, "ಅವೆನ್ಯೂ ರೋಡಲ್ಲಿ ತಂದಿದ್ದನ್ನೆಲ್ಲ ನೀವು ಓದಿದ್ದೀರಾ?" ಅಂದಿದ್ದರು. ಶಾಸನ, ವ್ಯಾಕರಣ, ಸಿನಿಮಾ ಅನ್ನುವ ಕಡತಗಳ ಕೊನೆಯಲ್ಲಿ 'ಮನೆ' ಅಂತ ಒಂದಿತ್ತು. ಅದರಲ್ಲಿ ಒಂದೇ ನಮೂದು.

ಬಗೆ: ಸಂದರ್ಶನ. ಹೆಸರು: ಅಜ್ಜಿ. ಒಂದೇ ಖಾನೆ. ಶೀರ್ಷಿಕೆ: ಸತಿ ಸುಲೋಚನಾ ನೋಡಿದ್ದು. ಸ್ಥಳ: ಅಡುಗೆಮನೆ, ಚಾಮರಾಜಪೇಟೆ. ದಿನಾಂಕದ ಖಾನೆ ಖಾಲಿ. ಕೆಳಗೆ ಟಿಪ್ಪಣಿ: "ಆಗ ಅವಳಿಗೆ 14. ಇಂದ್ರಜಿತು ಸತ್ತಾಗ ಸುತ್ತ ಇದ್ದವರೆಲ್ಲ ಅತ್ತರಂತೆ, ತಾನು ಅಳಲಿಲ್ಲವಂತೆ. ಜೊತೆಗೆ ಹೋಗಿದ್ದ ಚಿಕ್ಕಜ್ಜಿ ಹೇಳುವ ಪ್ರಕಾರ ಇವಳೂ ಅತ್ತಿದ್ದಳು. ಎರಡು ಆಧಾರಗಳಲ್ಲಿ ಭಿನ್ನತೆ. ಪರಿಶೀಲಿಸಬೇಕು."

ಕಾಫಿ ಲೋಟ ಹಿಡಿದು ಬಂದವರು ಪರದೆ ನೋಡಿದರು, ನನ್ನನ್ನು ನೋಡಿದರು. ನನಗೆ ಸುಮ್ಮನಿರುವ ಬುದ್ಧಿ ಬರಲಿಲ್ಲ. "ಏನ್ ಸ್ವಾಮಿ, ದಿನಾಂಕ ಇಲ್ಲ?" ಅಂದೆ.

"ದಿನಾ ಹೇಳೋಳು" ಅಂದರು. "ಸಾರಿಗೆ ಒಗ್ಗರಣೆ ಹಾಕ್ತಾ ಹಾಕ್ತಾ ಹೇಳೋಳು. ದಿನಾ ಹೇಳೋದಕ್ಕೆ ಯಾವ ದಿನಾಂಕ ಹಾಕ್ತೀರಿ?" ಲ್ಯಾಪ್‌ಟಾಪು ಮುಚ್ಚಿ ಕೈಚೀಲಕ್ಕೆ ಹಾಕಿಕೊಂಡರು.

ನಾಲ್ಕನೇ ಬಸ್ಸು ಬಂತು. ಈ ಸಲ ತಡೆಯಲಿಲ್ಲ. ಹತ್ತಿ ಕಿಟಕಿ ಪಕ್ಕ ಕೂತೆ. ಬಸ್ಸು ಹೊರಡುವಾಗ ಪಕ್ಕದಲ್ಲೇ ನಡೆದು ಬಂದು ಕಿಟಕಿ ಬಡಿದರು.

"ಅಜ್ಜಿ ವಿಷಯ ಎಲ್ಲಾದರೂ ಬರೆದ್ರೆ..."

ಬರೆಯಬೇಡಿ ಅನ್ನುತ್ತಾರೆ ಅಂದುಕೊಂಡು, "ಇಲ್ಲ ಇಲ್ಲ, ಬರೆಯಲ್ಲ" ಅಂದೆ.

"ಅಯ್ಯೋ, ಬರೀರಿ ಸ್ವಾಮಿ! ಆಧಾರ ಕೊಡಿ!"

"ಏನಂತ ಕೊಡಲಿ?"

"ಮೊಮ್ಮಗ, ಮೌಖಿಕ, ಮೆಜೆಸ್ಟಿಕ್" ಎಂದು ಕೂಗಿದರು. ಇನ್ನೂ ಏನೋ ಹೇಳಿದರು, ದಿನಾಂಕವೇ ಇರಬೇಕು. ಬಸ್ಸು ತಿರುಗಿತು, ಕೇಳಿಸಲಿಲ್ಲ.