ಸ್ಪೆನ್ಸರ್ ವಂಶಮೂಲ ಮೀಮಾಂಸೆ

ಇಂಗ್ಲೆಂಡಿನ ಜಮೀನ್ದಾರ ಮನೆತನಗಳ ಮೂಲವನ್ನು ಶೋಧಿಸಹೊರಟ ಪಂಡಿತನು ಮೊದಲು ಮನನ ಮಾಡತಕ್ಕ ಸೂತ್ರವೊಂದುಂಟು: ವಂಶವು ಎಷ್ಟು ಪ್ರಾಚೀನವೋ ಅದರ ದಾಖಲೆ ಅಷ್ಟು ನವೀನ. 1066ರಲ್ಲಿ ಹೇಸ್ಟಿಂಗ್ಸ್ ರಣರಂಗದಲ್ಲಿ ನಾರ್ಮನ್ ವಿಲಿಯಮನ ಬೆಂಬಲಕ್ಕಿದ್ದ ವೀರರ ಹೆಸರುಗಳನ್ನು ಬರೆದಿಟ್ಟಿತ್ತೆನ್ನಲಾದ ಬ್ಯಾಟಲ್ ಮಠದ ಪಟ್ಟಿಯ ಮೂಲಪ್ರತಿ ಕಳೆದುಹೋಗಿರುವುದರಿಂದ, ಅದರಲ್ಲಿ ಇಂಥವನ ಪೂರ್ವಜನ ಹೆಸರಿರಲಿಲ್ಲವೆಂದು ಸಾಧಿಸುವ ಅಧಿಕಾರ ಯಾರಿಗೂ ಇಲ್ಲವಾಗಿದೆ. ನಷ್ಟಗ್ರಂಥದಷ್ಟು ಉದಾರವಾದ ಪ್ರಮಾಣಗ್ರಂಥ ಮತ್ತೊಂದಿಲ್ಲ.

ಪ್ರಕೃತ ವಿಷಯ, ಆಲ್ಥಾರ್ಪಿನ ಸ್ಪೆನ್ಸರರು. ಜಾನ್ ಸ್ಪೆನ್ಸರನೆಂಬಾತನು ಕುರಿ ಸಾಕಿ, ಉಣ್ಣೆ ಮಾರಿ, 1506ರಲ್ಲಿ ವಾರಿಕ್‌ಷೈರಿನ ವರ್ಮ್‌ಲೇಟನ್ನನ್ನೂ 1508ರಲ್ಲಿ ನಾರ್ಥಾಂಪ್ಟನ್‌ಷೈರಿನ ಆಲ್ಥಾರ್ಪನ್ನೂ ಕೊಂಡನೆಂಬುದು ನಿರ್ವಿವಾದ. ಆದರೆ ಕೊಂಡದ್ದಕ್ಕೆ ಪತ್ರವಿರುವುದು ಕುಲೀನತೆಗೆ ಕುಂದಲ್ಲವೆ? ಇಲ್ಲಿ ನಮ್ಮ ನೆರವಿಗೆ ಬರುವುದು 1504ರಲ್ಲಿ ಆತನಿಗೆ ದತ್ತವಾದ ಲಾಂಛನ. ನೀಲಿಯ ಗುರಾಣಿಯಲ್ಲಿ ಆರು ಕಡಲಹಕ್ಕಿಗಳ ತಲೆಗಳು! ದೇಶದ ನಟ್ಟನಡುವೆ, ಉಪ್ಪುಗಾಳಿಯ ಸೋಂಕೂ ಇಲ್ಲದ ಬಯಲಿನಲ್ಲಿ ಕುರಿ ಕಾಯುತ್ತಿದ್ದವನಿಗೆ ಕಡಲಹಕ್ಕಿಯ ತಲೆಯೇಕೆ? ಪೂರ್ವಜರು ಕಡಲನ್ನು ದಾಟಿ ಬಂದವರಾಗಿರಲೇಬೇಕು. ಕಡಲನ್ನು ದಾಟಿದವನು ವಿಲಿಯಮ್. ಆದಕಾರಣ ಇವರು ಅವನೊಡನೆ ಬಂದವರು. ಇದಕ್ಕಿಂತ ದುರ್ಬಲವಾದ ಅನುಮಾನದ ಮೇಲೆ ಎಷ್ಟೋ ಅರಮನೆಗಳು ನಿಂತಿವೆ.

ಇಷ್ಟಕ್ಕೆ ತೃಪ್ತರಾಗದ ವಂಶಸ್ಥರಿಗೆ, ರಾಜಲಾಂಛನಾಧಿಕಾರಿಯಾದ ರಿಚರ್ಡ್ ಲೀಯು 1595ರಲ್ಲಿ ಹೊಸ ವಂಶವೃಕ್ಷವನ್ನು ನೆಟ್ಟುಕೊಟ್ಟನು. ನಮ್ಮ ಸೀಮೆಯಲ್ಲಿ ಎತ್ತಿನ ಮೇಲೇರಿ ಬರುವ ಹೆಳವನು ಮನೆಯ ಮುಂದೆ ನಿಂತು ಮುತ್ತಜ್ಜಂದಿರ ಹೆಸರೊಪ್ಪಿಸಿ ಕಾಳು ಪಡೆದು ಹೋಗುವಂತೆಯೇ ಇದೂ ಒಂದು ವೃತ್ತಿ; ಭೇದವಿಷ್ಟೆ, ಹೆಳವನಿಗೆ ಹಳೆಯ ಹೆಸರು ನೆನಪಿದ್ದರೆ ಸಾಕು. ಲೀಯ ಶೋಧದ ಪ್ರಕಾರ ಸ್ಪೆನ್ಸರರು ಮಧ್ಯಯುಗದ ಮಹಾಪ್ರಬಲರಾದ ಡಿಸ್ಪೆನ್ಸರರ ಕುಡಿ. ಉಗ್ರಾಣ ನೋಡಿಕೊಳ್ಳುವವನಿಗೆಲ್ಲ ಆ ಹೆಸರಿತ್ತು, ಉಗ್ರಾಣವಿಲ್ಲದ ದೊಡ್ಡಮನೆಯೂ ಇರಲಿಲ್ಲ, ಎಂಬ ಆಕ್ಷೇಪವನ್ನು ಸಹೃದಯರು ಮನಸ್ಸಿಗೆ ತಂದುಕೊಳ್ಳಲಾಗದು. ಆ ಡಿಸ್ಪೆನ್ಸರರಲ್ಲಿ ಹ್ಯೂ ಎಂಬವನನ್ನು 1326ರಲ್ಲಿ ಹೆರೆಫರ್ಡಿನಲ್ಲಿ ರಾಜದ್ರೋಹಿಯೆಂದು ಕೊಂದು ತುಂಡು ಮಾಡಿದರೆಂಬುದೂ ಬಾಧಕವಲ್ಲ: ದ್ರೋಹಿಯಾದರೇನು, 1326ರವನಷ್ಟೆ! ಅವರ ಗುರಾಣಿಯನ್ನು ತೆಗೆದುಕೊಂಡು, ನಡುವಿನ ಕಪ್ಪು ಪಟ್ಟಿಯ ಮೇಲೆ ಮೂರು ಚಿಪ್ಪುಗಳನ್ನು ಕೂರಿಸಲಾಯಿತು. ಹಕ್ಕಿ ಹೋಗಿ ಚಿಪ್ಪು ಬಂದರೂ ಕಡಲು ಬಿಡಲಿಲ್ಲವೆಂಬುದನ್ನು ವಾಚಕರು ಗಮನಿಸತಕ್ಕದ್ದು.

ಈ ರಮ್ಯಸೌಧವನ್ನು 1901ರಲ್ಲಿ ಹೊರೇಸ್ ರೌಂಡನೆಂಬ ವಿಮರ್ಶಕನು, ಮೂಲಪತ್ರಗಳನ್ನು ಓದಿನೋಡುವ ತನ್ನ ದುರಭ್ಯಾಸದಿಂದ, ಕೆಡವಿ ಹಾಕಿದನು. ಆದರೆ ಅದಕ್ಕೂ ಹೆಚ್ಚಿನ ಅನ್ಯಾಯವನ್ನು ಕುಲಪುತ್ರನೇ ಮಾಡಿದ್ದನು. 1621ರಲ್ಲಿ ಪ್ರಭುಸಭೆಯಲ್ಲಿ ಅರಂಡೆಲ್ ಪ್ರಭುವು, ನಿನ್ನ ಹಿರಿಯರು ಕುರಿ ಕಾಯುತ್ತಿದ್ದವರೆಂದು ಹಂಗಿಸಲು, ಬ್ಯಾರನ್ ರಾಬರ್ಟ್ ಸ್ಪೆನ್ಸರನು, ಹೌದು, ಆಗ ನಿನ್ನವರು ರಾಜದ್ರೋಹದ ಸಂಚು ಹೂಡುತ್ತಿದ್ದರೆಂದು ತಿರುಗಿ ಕೊಟ್ಟನಂತೆ. ಕ್ಷಮೆ ಕೇಳದ ಅರಂಡೆಲನನ್ನು ಟವರ್ ಸೆರೆಮನೆಗೆ ಕಳುಹಿಸಿದರು. ಉತ್ತರ ಚುರುಕಾದದ್ದೇ, ಆದರೆ ಡಿಸ್ಪೆನ್ಸರರ ಹೆಸರೆತ್ತದೆ, ತುಂಬಿದ ಸಭೆಯಲ್ಲಿ ಕುರಿಗಳನ್ನು ಒಪ್ಪಿಕೊಂಡುಬಿಟ್ಟನಲ್ಲ! ಪಾಪ, ಲೀಯ ಶ್ರಮ ವ್ಯರ್ಥವಾಯಿತು.

ಈ ವಂಶದ ಒಂದು ಕವಲು ಚರ್ಚಿಲರೊಡನೆ ಬೆರೆತು ಮಾರ್ಲ್‌ಬರೊ ಡ್ಯೂಕರ ಪದವಿಗೇರಿತು. ಅದರಲ್ಲಿ ಹುಟ್ಟಿದ ವಿನ್‌ಸ್ಟನ್ ಲೆನಾರ್ಡ್ ಸ್ಪೆನ್ಸರ್ ಚರ್ಚಿಲನೆಂಬ ತರುಣ ಲೆಫ್ಟಿನೆಂಟನು 1896ರಲ್ಲಿ ಬೆಂಗಳೂರಿನ ದಂಡಿಗೆ ಬಂದಿಳಿದನು. ಇಂದಿನ ಬೆಂಗಳೂರು ಕ್ಲಬ್ಬಿನ 1899ರ ಲೆಕ್ಕದ ಪುಸ್ತಕದಲ್ಲಿ, ವಸೂಲಾಗದ ಬಾಕಿಯ ಪಟ್ಟಿಯೊಳಗೆ, ಆತನ ಹೆಸರಿನ ಎದುರಿಗೆ 13 ರೂಪಾಯಿ ನಮೂದಾಗಿದೆ. ಮೂಲಪ್ರತಿ ಸುರಕ್ಷಿತ, ಬರೆದವನಿಗೆ ವಂಶಸ್ಥರು ಕಾಣಿಕೆ ಕೊಟ್ಟ ಕುರುಹಿಲ್ಲ.