ಥ್ರೆಡ್ಡು ಕೂಡಿದರೆ ಸಾಕೇ?

ಯಕ್ಷಗಾನದ ಆಟ ಹೇಗಾಯ್ತು ಅಂತ ಕೇಳಿದರೆ ನಮ್ಮ ಹೊನ್ನಾವರ, ಕುಮಟಾ ಕಡೆಯವರು ಮೊದಲು ಹೇಳುವುದು ಭಾಗವತರ ಸುದ್ದಿ, ಎರಡನೆಯದು ಮೈಕಿನ ಸುದ್ದಿ. ವೇಷದ ಮಾತು ಆಮೇಲೆ. “ಪದ್ಯ ಚಲೋ ಇತ್ತು, ಮೈಕು ಕಿವಿ ಹರಿದು ಹಾಕ್ತು.” ಬೇಲಿಯಾಚೆಯವನದು ಮೈಕ್ ಸೆಟ್ಟಿನ ಕಸುಬು. ಹಾಗಾಗಿ ಊರವರ ಈ ದೂರುಗಳನ್ನೆಲ್ಲ ದಾಸಾಳ ಗಿಡದ ಸಂದಿಯಿಂದ ಅವನಿಗೆ ಮುಟ್ಟಿಸುವುದು ನಾನೇ ಮೈಮೇಲೆ ಹಾಕಿಕೊಂಡ ಕೆಲಸ.

“ಎಷ್ಟು ವಾಟ್ಸಿನ ಯೂನಿಟ್ ಹಾಕಿದ್ದೆ ಮಾರಾಯಾ?”

“ವಾಟ್ಸು ಎಂತಕ್ಕೆ ಮಾಸ್ತರೇ? ಯಾವ ಹಾರ್ನಿಗೆ ಯಾವ ಯೂನಿಟ್ಟು ಅಂತ ಕೇಳಿ.”

ಬಟ್ಟೆ ಒಗೆಯುವ ಕಲ್ಲಿನ ಮೇಲೆ ಯಾರದೋ ಸತ್ತ ಯೂನಿಟ್ಟೊಂದನ್ನು, ಅಂದರೆ ಹಾರ್ನಿನ ಹಿಂದೆ ತಿರುಗಿಸಿ ಕೂರಿಸುವ ಸದ್ದಿನ ಡಬ್ಬಿಯನ್ನು, ಬಿಚ್ಚಿಟ್ಟುಕೊಂಡಿದ್ದ. ಇಸ್ಪೀಟೆಲೆಗೆ ಅಂಟುಟೇಪು ಸುತ್ತಿ, ಅಯಸ್ಕಾಂತದ ಸುತ್ತಲಿನ ಸಂದಿಯೊಳಗೆ ಇಳಿಸಿ ಮೆಲ್ಲಗೆ ತಿರುಗಿಸುತ್ತಿದ್ದ. ಎತ್ತಿದಾಗಲೆಲ್ಲ ಟೇಪಿಗೆ ಕರಿ ಪುಡಿ ಅಂಟಿ ಬರುತ್ತಿತ್ತು. ಪಕ್ಕದಲ್ಲಿ ಹಳೆಯ ಡಯಾಫ್ರಾಮು, ನಡುಗಿ ಸದ್ದು ಹೊರಡಿಸುವ ತೆಳು ಪೊರೆ: ಕಾಯಿಲು ಸುಟ್ಟಿರಲಿಲ್ಲ, ಅಂಚು ಮಾತ್ರ ಸುತ್ತಲೂ ಸೀಳಿಹೋಗಿತ್ತು. “ಕರೆಂಟು ಜಾಸ್ತಿ ಹೊಡೆದು ಸತ್ತದ್ದಲ್ಲ ಇದು. ಕುಣಿದು ಕುಣಿದು ಸತ್ತದ್ದು” ಅಂದ.

ಆ ಒಂದು ಮಾತಿನಲ್ಲಿ ಇಡೀ ಶಾಸ್ತ್ರವೇ ಇದೆ. ಯೂನಿಟ್ಟಿನ ಡಯಾಫ್ರಾಮಿನ ಮುಂದೆ ಬಯಲಿಲ್ಲ, ಅದರ ಅಗಲಕ್ಕಿಂತ ತೀರಾ ಕಿರಿದಾದ ಬಾಯಿ ಇದೆ. ಗಾಳಿ ಅಲ್ಲಿ ಒತ್ತಿಕೊಂಡೇ ಹೊರಬೀಳಬೇಕು. ನಡುವಿನಿಂದ ಹೊರಟ ಸದ್ದಿಗೂ ಅಂಚಿನಿಂದ ಹೊರಟ ಸದ್ದಿಗೂ ದಾರಿಯ ಉದ್ದ ಬೇರೆಯಾದರೆ ಏರುದನಿಗಳು ಒಂದನ್ನೊಂದು ನುಂಗಿಬಿಡುತ್ತವೆ. ಅದಕ್ಕೇ ಎದುರಿಗೆ ಸೀಳುಗಳಿರುವ ಒಂದು ಬಿರಡೆ. ಅಮೆರಿಕದ ಬೆಲ್ ಲ್ಯಾಬ್ಸ್‌ನ ವೆಂಟೆ, ಥುರಾಸ್ ಎಂಬಿಬ್ಬರು 1926ರ ಹೊತ್ತಿಗೆ ಟಾಕಿ ಸಿನಿಮಾಕ್ಕಾಗಿ ಮಾಡಿದ ಉಪಾಯ. ಜಾತ್ರೆ ಗದ್ದೆಯ ಮರಕ್ಕೆ ಕಟ್ಟಿದ ಯೂನಿಟ್ಟು ಆ ವಂಶದ್ದೇ.

ಇನ್ನು ಹಾರ್ನು. ಹೊಳೆಯಾಚೆಯ ದೋಣಿಯವನನ್ನು ಕರೆಯುವಾಗ ಎರಡೂ ಕೈಯನ್ನು ಬಾಯಿಗೆ ಕೊಟ್ಟು ಕೂಗುತ್ತೇವಲ್ಲ, ಅಷ್ಟೇ. ಕೈಗಳು ದನಿಯನ್ನು ಹೆಚ್ಚಿಸುವುದಿಲ್ಲ. ಕಿರಿದಾದ ಬಾಯಿಂದ ಒಮ್ಮೆಲೇ ಬಯಲಿಗೆ ಬಿದ್ದು ಪೋಲಾಗುತ್ತಿದ್ದ ಸದ್ದಿಗೆ ಮೆಲ್ಲಮೆಲ್ಲಗೆ ಅಗಲವಾಗುವ ದಾರಿ ಕೊಡುತ್ತವೆ, ಒಂದೇ ದಿಕ್ಕಿಗೆ ತಿರುಗಿಸುತ್ತವೆ. ಬಾಕ್ಸ್ ಸ್ಪೀಕರಿಗೆ ಕೊಟ್ಟ ಕರೆಂಟಿನಲ್ಲಿ ಸದ್ದಾಗುವುದು ನೂರರಲ್ಲಿ ಒಂದೆರಡು ಪಾಲು. ಒಳ್ಳೆಯ ಜೋಡಿಯ ಹಾರ್ನಿನಲ್ಲಿ ಅದು 20–30 ಪಾಲಿಗೂ ಏರುತ್ತದೆ.

ಒಳ್ಳೆಯ ಜೋಡಿಯಾದರೆ! ತೊಡಕಿರುವುದೇ ಇಲ್ಲಿ. ಯೂನಿಟ್ಟುಗಳ ಥ್ರೆಡ್ಡು ಹೆಚ್ಚಾಗಿ ಲೋಕಕ್ಕೆಲ್ಲ ಒಂದೇ: 1⅜ ಇಂಚು ವ್ಯಾಸ, ಇಂಚಿಗೆ 18 ಸುತ್ತು. ಯಾವ ಯೂನಿಟ್ಟೂ ಯಾವ ಹಾರ್ನಿಗೂ ತಿರುಗಿ ಕೂತುಬಿಡುತ್ತದೆ. ಕೂತಿತು ಅಂದರೆ ಹೊಂದಿತು ಅಂತ ನಮ್ಮವರ ಲೆಕ್ಕ. ಆದರೆ ಪ್ರತಿ ಹಾರ್ನಿಗೂ ಕೆಳಗಡೆ ಒಂದು ಮಿತಿಯುಂಟು. ಬಾಯಿಯ ಸುತ್ತಳತೆ ಸದ್ದಿನ ಅಲೆಯಷ್ಟಾದರೂ ಉದ್ದವಿರಬೇಕು ಅನ್ನುತ್ತದೆ ಲೆಕ್ಕ. 300 ಹರ್ಟ್ಸ್‌ಗೆ ಅಲೆ ಸುಮಾರು 115 ಸೆಂ.ಮೀ.; ಹಾಗಾಗಿ ಹಾರ್ನಿನ ಬಾಯಿ 36 ಸೆಂ.ಮೀ. ಅಗಲ ಬೇಕು. 100 ಹರ್ಟ್ಸ್ ಬೇಕೆಂದರೆ ಒಂದು ಮೀಟರಿಗೂ ಹೆಚ್ಚು. ಅದನ್ನು ಯಾವ ತೆಂಗಿನಮರಕ್ಕೆ ಕಟ್ಟುತ್ತೀರಿ? ಮಿತಿಗಿಂತ ಕೆಳಗಿನ ಸ್ವರ ಬಂದಾಗ ಹಾರ್ನು ಇದ್ದೂ ಇಲ್ಲದ ಹಾಗೆ. ಡಯಾಫ್ರಾಮಿಗೆ ಎದುರೊತ್ತುವ ಗಾಳಿಯಿಲ್ಲ, ಸಿಕ್ಕಾಬಟ್ಟೆ ಕುಣಿಯುತ್ತದೆ. ಸದ್ದೂ ಬಾರದು, ಅಂಚೂ ಸೀಳುತ್ತದೆ. ಕಲ್ಲಿನ ಮೇಲಿದ್ದುದರ ಕಥೆ ಇದೇ: ದೊಡ್ಡ ಹಾರ್ನಿಗೆಂದು ಮಾಡಿದ ಯೂನಿಟ್ಟನ್ನು ಗಿಡ್ಡ ಹಾರ್ನಿಗೆ ತಿರುಗಿಸಿ, ಆಂಪ್ಲಿಫೈಯರಿನ ಬೇಸನ್ನು ಪೂರಾ ಏರಿಸಿದ್ದರು.

ಹಾಗಾಗಿಯೇ ನಮ್ಮ ಬಯಲಾಟಗಳಲ್ಲಿ ಚಂಡೆ ಭಟ್ಕಳದವರೆಗೆ ಕೇಳುತ್ತದೆ, ಮದ್ದಳೆ ಎದುರಿಗೆ ಕೂತವರಿಗೂ ಕೇಳುವುದಿಲ್ಲ. ಮದ್ದಳೆಯ ಗುಂಕಿಯೆಲ್ಲ ಹಾರ್ನಿನ ಮಿತಿಯ ಕೆಳಗೇ ಉಳಿಯಿತು. ಚಂಡೆಯ ಪೆಟ್ಟು ಕಿವಿಯೂ ಹಾರ್ನೂ ಎರಡೂ ಚುರುಕಾಗಿರುವ ಜಾಗಕ್ಕೇ ಹೋಗಿ ಬೀಳುತ್ತದೆ. ಇದಕ್ಕೆ ಚಂಡೆಯವರನ್ನು ಬೈದು ಪ್ರಯೋಜನವಿಲ್ಲ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮೇಳ ಕಟ್ಟಿದಾಗ ನಮ್ಮ ಹಳ್ಳಿಗಳಿಗೆ ಕರೆಂಟೇ ಬಂದಿರಲಿಲ್ಲ. ಏರುಶ್ರುತಿಯ ಪದ್ಯ, ಬಯಲು ತುಂಬುವ ಚಂಡೆ ಎಲ್ಲ ಆ ಕಾಲದ ಲೆಕ್ಕ. ಆಗಲೇ ದೂರಕ್ಕೆ ಮುಟ್ಟುತ್ತಿದ್ದುದನ್ನೇ ಹಾರ್ನು ಮತ್ತಷ್ಟು ದೂಡುತ್ತದೆ.

“ಹಾಗಾದ್ರೆ ಡಬಲ್ ವಾಟ್ಸ್ ಹಾಕು” ಅಂದೆ, ಕೆಣಕಲಿಕ್ಕೆ.

“ಡಬಲ್ ಹಾಕಿದ್ರೆ ಮೂರೇ ಡೆಸಿಬಲ್ ಮಾಸ್ತರೇ. ದೂರ ಡಬಲ್ ಆದ್ರೆ ಆರು ಹೋಗ್ತದೆ.”

ಅಂದರೆ ಇಮ್ಮಡಿ ದೂರಕ್ಕೆ ಅಷ್ಟೇ ಸದ್ದು ಬೇಕೆಂದರೆ ನಾಲ್ಕು ಪಟ್ಟು ವಾಟ್ಸು. ಅದರ ಬದಲು ಹಾರ್ನನ್ನು ಮುಂದಿನ ಸಾಲಿನ ತಲೆಯ ಮೇಲಿಂದ ಹಾಯಿಸಿ ಕೊನೆಯ ಸಾಲಿಗೆ ಗುರಿಯಿಟ್ಟರೆ ಖರ್ಚಿಲ್ಲದೆ ಕೆಲಸವಾಗುತ್ತದೆ. ಮಳೆಗಾಲದ ಭಟ್ಕಳದ ಮಾರಿಜಾತ್ರೆಗಂತೂ ಮಡಚಿದ ಹಾರ್ನೇ ಗತಿ. ದಾರಿ ಹಿಂದೆ ಮುಂದೆ ತಿರುಗಿ ಬರುವುದರಿಂದ ಮಳೆನೀರು ಯೂನಿಟ್ಟಿನವರೆಗೆ ಹೋಗದು. ಉಪ್ಪುಗಾಳಿಗೆ ಮಾತ್ರ ಯಾರ ಹತ್ತಿರವೂ ಮದ್ದಿಲ್ಲ.

ಮದ್ದಳೆಗೆ ಏನು ಮಾಡ್ತೀಯ ಅಂದೆ. ಹಾರ್ನಿಗೆ 500 ಹರ್ಟ್ಸ್‌ನಿಂದ ಮೇಲಿನದನ್ನಷ್ಟೇ ಬಿಟ್ಟು, ಕೆಳಗಿನದಕ್ಕೆ ಬೇರೆ ಬೇಸ್ ಬಾಕ್ಸು, ನಡುವೆ ಎರಡನ್ನೂ ಬೇರ್ಪಡಿಸುವ ಕ್ರಾಸ್‌ಓವರು ಇಡಬೇಕಂತೆ. ಎಲ್ಲ ಅವನ ಹತ್ತಿರ ಇದೆಯಂತೆ.

“ಮತ್ತೆ ತರುವುದಿಲ್ಲ ಯಾಕೆ?”

“ಟೆಂಪೋ ಬಾಡಿಗೆ ಯಾರು ಕೊಡ್ತಾರೆ? ಕಮಿಟಿಯವರು ಕೇಳುವುದು ಒಂದೇ: ಎಷ್ಟು ಹಾರ್ನ್ ಕಟ್ತೀಯ?”